ಹೇಳಲು ವಿಷಯ, ಕೇಳಲು ಜನ: ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮಾತು ಮತ್ತು ಯೋಜನಾ ಪದ್ಧತಿ

ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ಕ್ರಮ 2007ರಲ್ಲಿ ಆರಂಭವಾಯಿತು. ಆ ಲೆಕ್ಕದಲ್ಲಿ ಎಸ್.ಎಸ್.ಎಲ್.ಸಿ. ತಲುಪುವ ಹೊತ್ತಿಗೆ ವಿದ್ಯಾರ್ಥಿಗೆ ಇಂಗ್ಲಿಷಿನ ಜೊತೆ ಹತ್ತು ವರ್ಷದ ಒಡನಾಟ ಇರುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ಲಿನ ಪ್ರೌಢಶಾಲೆಗಳಲ್ಲಿ ಪಾಠ ಓದಿ ಅರ್ಥ ಹೇಳಬಲ್ಲ, ಪ್ರಶ್ನೆಗೆ ಉತ್ತರ ಬರೆಯಬಲ್ಲ, ಪತ್ರವನ್ನೂ ಪ್ರಬಂಧವನ್ನೂ ತಕ್ಕಮಟ್ಟಿಗೆ ಬರೆಯಬಲ್ಲ ಮಕ್ಕಳು ಬೇಕಾದಷ್ಟಿದ್ದಾರೆ. ಅದೇ ಮಕ್ಕಳಿಗೆ ಎದ್ದು ನಿಂತು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ಎಂದರೆ ತಲೆ ತಗ್ಗುತ್ತದೆ, ಗಂಟಲು ಕಟ್ಟುತ್ತದೆ. ಬರವಣಿಗೆಗೂ ಮಾತಿಗೂ ನಡುವೆ ಬಿದ್ದಿರುವ ಈ ಅಂತರವನ್ನು ಕಡಿಮೆ ಮಾಡಲು ಇರುವ ಒಳ್ಳೆಯ ದಾರಿಗಳಲ್ಲಿ ಯೋಜನಾ ಪದ್ಧತಿ ಒಂದು.

ಮಕ್ಕಳು ಮಾತಾಡದಿರಲು ಕಾರಣಗಳು ಸ್ಪಷ್ಟವಾಗಿವೆ. ಮೊದಲನೆಯದು ಭಯ. ತಪ್ಪಾದರೆ ಗೆಳೆಯರು ನಗುತ್ತಾರೆ, ಮೇಷ್ಟ್ರು ಅರ್ಧಕ್ಕೇ ತಡೆದು ತಿದ್ದುತ್ತಾರೆ ಎಂಬ ಅಂಜಿಕೆ ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ಬಹಳ ದೊಡ್ಡದು. ಎರಡನೆಯದು ಅವಕಾಶದ ಕೊರತೆ. ನಲವತ್ತೈದು ನಿಮಿಷದ ಪೀರಿಯಡ್, ನಲವತ್ತೈದು ಮಕ್ಕಳ ತರಗತಿ ಎಂದಿಟ್ಟುಕೊಂಡರೆ, ಶಿಕ್ಷಕರು ಬಾಯಿಯನ್ನೇ ತೆರೆಯದಿದ್ದರೂ ಒಬ್ಬರ ಪಾಲಿಗೆ ಬರುವುದು ಒಂದೇ ನಿಮಿಷ. ಮೂರನೆಯದು ಪರೀಕ್ಷೆ. ಎಸ್.ಎಸ್.ಎಲ್.ಸಿ.ಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷಿನ ನೂರು ಅಂಕಗಳಲ್ಲಿ 80 ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಅಂಕ ಎಲ್ಲಿದೆಯೋ ಶಾಲೆಯ ಗಮನವೂ ಅಲ್ಲೇ ಇರುತ್ತದೆ. ನಾಲ್ಕನೆಯ ಕಾರಣ ಎಲ್ಲಕ್ಕಿಂತ ಆಳವಾದದ್ದು: ಮಾತಾಡುವ ಅಗತ್ಯವೇ ಇಲ್ಲ. ಶಿಕ್ಷಕರಿಗೂ ಕನ್ನಡ ಗೊತ್ತು, ಪಕ್ಕದ ಬೆಂಚಿನವರಿಗೂ ಕನ್ನಡ ಗೊತ್ತು. ಪಾಠದಲ್ಲಿ ಏನಿದೆ ಎಂಬುದು ಕೇಳುವವರಿಗೂ ಹೇಳುವವರಿಗೂ ಮೊದಲೇ ಗೊತ್ತು. ಗೊತ್ತಿರುವುದನ್ನು ಗೊತ್ತಿರುವವರಿಗೇ, ಬಾರದ ಭಾಷೆಯಲ್ಲಿ ಹೇಳಲು ಯಾರಿಗೂ ಮನಸ್ಸಾಗದು.

ಯೋಜನಾ ಪದ್ಧತಿ ಕೈ ಹಾಕುವುದು ಈ ನಾಲ್ಕನೆಯ ಕಾರಣಕ್ಕೆ. ವಿದ್ಯಾರ್ಥಿಗಳ ಮುಂದೆ ಒಂದು ನಿಜವಾದ ಪ್ರಶ್ನೆ ಇಡುವುದು, ಅದರ ಉತ್ತರವನ್ನು ಅವರೇ ತಂಡವಾಗಿ ಕೆಲವು ವಾರ ಹುಡುಕುವುದು, ಕೊನೆಗೆ ತಾವು ಕಂಡುಕೊಂಡದ್ದನ್ನು ತಿಳಿಯದವರ ಮುಂದೆ ಇಡುವುದು ಇದರ ತಿರುಳು. ಹೇಳುವವರಿಗೆ ಗೊತ್ತಿರುವುದು ಕೇಳುವವರಿಗೆ ಗೊತ್ತಿಲ್ಲದಿದ್ದಾಗ ಮಾತಿಗೆ ಕಾರಣ ತಾನಾಗಿ ಹುಟ್ಟುತ್ತದೆ.

ಈ ವಿಚಾರಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಲ್ಲಿ ಷಿಕಾಗೋದಲ್ಲಿ ಒಂದು ಪ್ರಯೋಗ ಶಾಲೆ ತೆರೆದು, ಅಡುಗೆ, ಮರಗೆಲಸ, ನೇಯ್ಗೆಯಂಥ ಕೆಲಸಗಳ ಮೂಲಕ ಪಾಠ ನಡೆಸಿದರು. ಅವರ ವಿಚಾರವನ್ನು ಮುಂದುವರಿಸಿದ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಯೋಜನಾ ಪದ್ಧತಿಯನ್ನು ಕುರಿತು ಬರೆದ ಲೇಖನ ಜಗತ್ತಿನ ಶಿಕ್ಷಕ ತರಬೇತಿ ಸಂಸ್ಥೆಗಳಲ್ಲೆಲ್ಲ ಪ್ರಚಾರ ಪಡೆಯಿತು. ನಾಲ್ಕು ಜನರ ನಡುವೆ, ಒಂದು ಉದ್ದೇಶ ಇಟ್ಟುಕೊಂಡು, ಮನಸ್ಸಿಟ್ಟು ಮಾಡುವ ಕೆಲಸವೇ ಕಲಿಕೆಯ ಮೂಲ ಎಂಬುದು ಅವರ ನಿಲುವು. ಭಾರತದಲ್ಲಿ 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೂಡ ಕೈಕೆಲಸವನ್ನು ಕಲಿಕೆಯ ಕೇಂದ್ರದಲ್ಲಿ ಇರಿಸಿತು.

ಇಂಗ್ಲಿಷ್ ಕಲಿಕೆಗೆ ಸಂಬಂಧಿಸಿದಂತೆ ಇನ್ನೂ ಹತ್ತಿರದ ಉದಾಹರಣೆ ಬೆಂಗಳೂರಿನದು. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದ್ರಾಸು ಮೊದಲಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಭಾಷಾ ಬೋಧನೆಯ ಜಗತ್ತು ಅದನ್ನು ಇಂದಿಗೂ ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯುತ್ತದೆ. ವ್ಯಾಕರಣದ ಪಟ್ಟಿಯನ್ನು ಬದಿಗಿಟ್ಟು ಅಲ್ಲಿನ ಶಿಕ್ಷಕರು ರೈಲ್ವೆ ವೇಳಾಪಟ್ಟಿ, ನಕ್ಷೆ, ಬೆಲೆಪಟ್ಟಿಯಂಥವನ್ನು ಮಕ್ಕಳ ಮುಂದಿಟ್ಟರು. ಇಷ್ಟು ಗಂಟೆಗೆ ಊರು ಸೇರಬೇಕಾದರೆ ಯಾವ ರೈಲು ಹಿಡಿಯಬೇಕು ಎಂಬಂಥ ಸಮಸ್ಯೆಗಳನ್ನು ಮಕ್ಕಳು ಇಂಗ್ಲಿಷಿನಲ್ಲಿ ಬಿಡಿಸಿದರು. ಮನಸ್ಸು ಅರ್ಥದ ಮೇಲೆ ನೆಟ್ಟಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ವಾದ. 1987ರಲ್ಲಿ ಪ್ರಕಟವಾದ ಅವರ ಪುಸ್ತಕ ಈ ಪ್ರಯೋಗವನ್ನು ಜಗತ್ತಿಗೆ ಪರಿಚಯಿಸಿತು. ಇದರಲ್ಲಿ ಇಂದಿನ ಶಿಕ್ಷಕರು ಮರೆಯಬಾರದ ಒಂದು ಅಂಶವಿದೆ. ಪ್ರಭು ಅವರು ಮಕ್ಕಳನ್ನು ಮಾತಾಡಲು ಒತ್ತಾಯಿಸಲಿಲ್ಲ. ಕೇಳಿ, ಓದಿ ಅರ್ಥ ಮಾಡಿಕೊಳ್ಳಲು ಸಾಕಷ್ಟು ಸಮಯ ಕೊಟ್ಟರು. ಒಳಗೆ ಸಂಗ್ರಹವಾದ ಮೇಲೆ ಹೊರಗೆ ಬರುವುದು ಸುಲಭವಾಗುತ್ತದೆ. ಯೋಜನಾ ಪದ್ಧತಿಯಲ್ಲೂ ಮಾತು ಮೊದಲ ದಿನದ ಬೇಡಿಕೆಯಾಗದೆ ಕೊನೆಯ ವಾರದ ಫಲವಾಗಿ ಬರಬೇಕು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಶಾಲೆಗಳಲ್ಲಿ ಈಗ ಪ್ರಾಜೆಕ್ಟ್ ಎಂದರೆ ಬಹಳ ಕಡೆ ಸ್ಟೇಷನರಿ ಅಂಗಡಿಯಿಂದ ಚಿತ್ರಪಟ ತಂದು, ಚಾರ್ಟ್ ಹಾಳೆಗೆ ಅಂಟಿಸಿ, ಬಣ್ಣದ ಪೆನ್ನಿನಲ್ಲಿ ಶೀರ್ಷಿಕೆ ಬರೆದು ಒಪ್ಪಿಸುವುದು. ಅದರಲ್ಲಿ ಪ್ರಶ್ನೆಯಿಲ್ಲ, ಹುಡುಕಾಟವಿಲ್ಲ, ಕೇಳುಗರೂ ಇಲ್ಲ. ಎಷ್ಟೋ ಸಲ ಅದನ್ನು ಮಾಡುವವರು ಮನೆಯ ಹಿರಿಯರು. 1993ರಿಂದ ರಾಷ್ಟ್ರಮಟ್ಟದಲ್ಲಿ ನಡೆಯುತ್ತಿರುವ ಮಕ್ಕಳ ವಿಜ್ಞಾನ ಸಮಾವೇಶ ಬೇರೆಯದೇ ಮಾದರಿಯನ್ನು ತೋರಿಸಿಕೊಟ್ಟಿದೆ. ಅಲ್ಲಿ ಮಕ್ಕಳ ತಂಡ ತನ್ನ ಊರಿನ ಒಂದು ಸಮಸ್ಯೆಯನ್ನು ಆರಿಸಿಕೊಂಡು, ಮಾಹಿತಿ ಕಲೆಹಾಕಿ, ಪರಿಣತರ ಮುಂದೆ ನಿಂತು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ವಿಜ್ಞಾನದಲ್ಲಿ ಸಾಧ್ಯವಾದದ್ದು ಭಾಷೆಯ ತರಗತಿಯಲ್ಲೂ ಸಾಧ್ಯ.

ಒಳ್ಳೆಯ ಯೋಜನೆಯ ಮೊದಲ ಹೆಜ್ಜೆ ವಿಷಯದ ಆಯ್ಕೆ. ಮಕ್ಕಳು ನಡೆದುಹೋಗಿ ನೋಡಬಹುದಾದ, ಕೇಳಿ ತಿಳಿಯಬಹುದಾದ ಸಂಗತಿಯೇ ಆಗಬೇಕು. ಲಂಡನ್ ನಗರದ ಬಗ್ಗೆ ಮಾತಾಡು ಎಂದರೆ ಮಗು ಪುಸ್ತಕದ ವಾಕ್ಯ ಒಪ್ಪಿಸುತ್ತದೆ. ತನ್ನ ಊರಿನ ಬಗ್ಗೆಯಾದರೆ ಅದಕ್ಕೆ ಗೊತ್ತಿರುವಷ್ಟು ಪುಸ್ತಕಕ್ಕೂ ಗೊತ್ತಿರುವುದಿಲ್ಲ. ಈ ಅಧಿಕಾರದ ಭಾವನೆಯೇ ಧೈರ್ಯದ ಮೂಲ.

ಕುಣಿಗಲ್ಲಿನ ದೊಡ್ಡಕೆರೆಯನ್ನು ತೆಗೆದುಕೊಳ್ಳಬಹುದು. ಈ ಕೆರೆಯ ಮೇಲಿನ ಜಾನಪದ ಗೀತೆಯನ್ನು ನಾಡೆಲ್ಲ ಹಾಡುತ್ತದೆ. ಕೆರೆ ಯಾರ ಯಾರ ಬದುಕಿಗೆ ಆಸರೆಯಾಗಿದೆ ಎಂಬ ಒಂದೇ ಪ್ರಶ್ನೆ ಒಂಬತ್ತನೇ ತರಗತಿಗೆ ನಾಲ್ಕು ವಾರದ ಕೆಲಸ ಕೊಡುತ್ತದೆ. ವಾರಕ್ಕೆ ಮೂರು ಪೀರಿಯಡ್‌ನಂತೆ ಹನ್ನೆರಡು ಪೀರಿಯಡ್ ಸಾಕು. ನಲವತ್ತು ಮಕ್ಕಳಿದ್ದರೆ ಐವರಂತೆ ಎಂಟು ತಂಡ. ಒಂದು ತಂಡಕ್ಕೆ ಮೀನು ಹಿಡಿಯುವವರು, ಇನ್ನೊಂದಕ್ಕೆ ಅಚ್ಚುಕಟ್ಟಿನ ರೈತರು, ಮತ್ತೊಂದಕ್ಕೆ ಕೆರೆಗೆ ಬರುವ ಹಕ್ಕಿಗಳು, ಮಗದೊಂದಕ್ಕೆ ಕೆರೆಯ ಹಾಡು ಮತ್ತು ಹಬ್ಬ ಎಂದು ಹಂಚಬಹುದು.

ಮೊದಲ ವಾರದ ಕೆಲಸವೆಲ್ಲ ಕನ್ನಡದಲ್ಲೇ ನಡೆಯುತ್ತದೆ. ‘ತಾತ, ಕೆರೆ ಕೋಡಿ ಬಿದ್ದದ್ದು ಯಾವಾಗ ನೆನಪಿದೆಯಾ? ಆಗ ಊರವರು ಏನು ಮಾಡುತ್ತಿದ್ದರು?’ ಎಂದು ಮಕ್ಕಳು ಮನೆಯ ಹಿರಿಯರನ್ನು ಕೇಳುತ್ತಾರೆ. ನೀರಗಂಟಿಯನ್ನು ಮಾತಾಡಿಸುತ್ತಾರೆ. ಏರಿ, ತೂಬು, ಕೋಡಿ, ಕಾಲುವೆಗಳ ಚಿತ್ರ ಬರೆದುಕೊಳ್ಳುತ್ತಾರೆ. ಎರಡನೆಯ ವಾರ ಈ ಸಾಮಗ್ರಿ ಇಂಗ್ಲಿಷಿಗೆ ತಿರುಗುತ್ತದೆ. ಏರಿಗೆ ಬಂಡ್, ತೂಬಿಗೆ ಸ್ಲೂಸ್ ಎಂಬ ಪದಗಳು ಕಪ್ಪುಹಲಗೆಯ ಮೇಲೆ ಪಟ್ಟಿಯಾಗುತ್ತವೆ. ಶಿಕ್ಷಕರು ಹತ್ತು ಹನ್ನೆರಡು ಸರಳ ವಾಕ್ಯಗಳ ಅಚ್ಚು ಒದಗಿಸುತ್ತಾರೆ: ‘ದಿಸ್ ಈಸ್ ದ ಬಂಡ್’, ‘ದ ವಾಟರ್ ಗೋಸ್ ಟು ದ ಫೀಲ್ಡ್ಸ್ ಥ್ರೂ ದಿಸ್ ಸ್ಲೂಸ್’, ‘ಮೈ ಗ್ರ್ಯಾಂಡ್‌ಫಾದರ್ ಟೋಲ್ಡ್ ಮಿ ದಟ್...’. ಈ ಅಚ್ಚುಗಳಿಗೆ ತಮ್ಮ ಮಾಹಿತಿಯನ್ನು ತುಂಬುವುದು ಮಕ್ಕಳ ಕೆಲಸ. ಮೂರನೆಯ ವಾರ ತಂಡದೊಳಗೇ ತಾಲೀಮು. ಎಂಟು ತಂಡಗಳಲ್ಲಿ ಏಕಕಾಲಕ್ಕೆ ಎಂಟು ಮಕ್ಕಳು ಮಾತಾಡುತ್ತಿರುತ್ತಾರೆ. ತರಗತಿಯಲ್ಲಿ ಗದ್ದಲ ಏಳುತ್ತದೆ, ನಿಜ. ಆ ಗದ್ದಲ ಇಂಗ್ಲಿಷಿನದಾಗಿದ್ದರೆ ಮುಖ್ಯೋಪಾಧ್ಯಾಯರು ಸಂತೋಷಪಡಬೇಕು.

ನಾಲ್ಕನೆಯ ವಾರ ಪ್ರದರ್ಶನ. ಇಲ್ಲಿ ಒಂದು ಅಪಾಯವಿದೆ: ಬರೆದುಕೊಂಡದ್ದನ್ನು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸಿಬಿಡಬಹುದು. ಅದಕ್ಕೆ ಎರಡು ಮದ್ದುಗಳಿವೆ. ಕೈಯಲ್ಲಿ ಪೂರ್ಣ ಭಾಷಣದ ಬದಲು ಐದು ಪದ ಬರೆದ ಚೀಟಿ ಮಾತ್ರ ಇರಬೇಕು. ಕೇಳುಗರಲ್ಲಿ ಪ್ರತಿಯೊಬ್ಬರೂ ಒಂದು ಪ್ರಶ್ನೆ ಕೇಳಲೇಬೇಕು. ಪ್ರಶ್ನೆಗೆ ಉತ್ತರ ಬಾಯಿಪಾಠದಿಂದ ಬರುವುದಿಲ್ಲ. ಎಲ್ಲರನ್ನೂ ಒಬ್ಬೊಬ್ಬರಾಗಿ ವೇದಿಕೆಗೆ ಕರೆಯುವುದಕ್ಕಿಂತ, ಜಾತ್ರೆಯ ಅಂಗಡಿಸಾಲಿನಂತೆ ಗೋಡೆಯುದ್ದಕ್ಕೂ ತಂಡಗಳನ್ನು ನಿಲ್ಲಿಸುವುದು ಮೇಲು. ಕೇಳುಗರು ನಾಲ್ಕೈದು ಜನರ ಗುಂಪಾಗಿ ಒಂದು ತಂಡದಿಂದ ಇನ್ನೊಂದಕ್ಕೆ ಸಾಗುತ್ತಾರೆ. ಒಂದೇ ವಿಷಯವನ್ನು ಆರೇಳು ಸಲ ಹೊಸ ಹೊಸ ಮುಖಗಳಿಗೆ ಹೇಳುವಾಗ, ಮೊದಲ ಸಲ ತೊದಲಿದ ಮಗು ಕೊನೆಯ ಸಲಕ್ಕೆ ಸಲೀಸಾಗಿ ಮಾತಾಡುತ್ತದೆ.

ಗುಬ್ಬಿಯಲ್ಲಿ ವಿಷಯಗಳಿಗೆ ಬರವಿಲ್ಲ. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ, ಅದನ್ನು ಬೆಳೆಸಿದ ಗುಬ್ಬಿ ವೀರಣ್ಣ, ಅಲ್ಲಿ ಪಳಗಿದ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಇವರ ಕಥೆಯನ್ನು ಹತ್ತು ನಿಮಿಷದ ಇಂಗ್ಲಿಷ್ ನಾಟಕವಾಗಿಸಬಹುದು. ನಾಟಕದಲ್ಲಿ ಪಾತ್ರ ಮಾತಾಡುತ್ತದೆ. ಸಂಕೋಚದ ಮಗುವಿಗೆ ಆ ಮರೆ ಬಹಳ ಸಹಾಯಕ. ಗುಬ್ಬಿ ತಾಲ್ಲೂಕಿನ ಚೇಳೂರಿನ ತೋಟವೊಂದರಲ್ಲಿದ್ದ, ತಾಮ್ರಗೆಂಪು ತೊಳೆಯ ಹಲಸಿನ ಮರವನ್ನು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಗುರುತಿಸಿದರು. ಸಿದ್ದು ಹಲಸು ಎಂಬ ಹೆಸರಿನಲ್ಲಿ ಅದರ ಸಸಿಗಳು ಈಗ ಊರೂರಿಗೆ ಹೋಗಿವೆ. ಒಂದು ಮರದಿಂದ ಸಾವಿರಾರು ಸಸಿಗಳು ಹೇಗಾದವು ಎಂಬುದು ಎಂಟನೇ ತರಗತಿಗೆ ಸೊಗಸಾದ ಪ್ರಶ್ನೆ. ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಕೂಡ ಇದೇ ತಾಲ್ಲೂಕಿನಲ್ಲಿದೆ. ಕಾರ್ಖಾನೆ ಬಂದ ಮೇಲೆ ಸುತ್ತಲ ಹಳ್ಳಿಗಳಲ್ಲಿ ಏನೇನು ಬದಲಾಗಿದೆ ಎಂದು ಮಕ್ಕಳು ವಿಚಾರಿಸಬಹುದು.

ಅಡಿಕೆ ಸಂಸ್ಕರಣೆಯಂಥ ವಿಷಯಕ್ಕೆ ಇನ್ನೊಂದು ಅನುಕೂಲವಿದೆ. ತೋಟವನ್ನು ಚೇಣಿಗೆ ಕೊಡುವುದು, ಹಸಿ ಅಡಿಕೆ ಸುಲಿಯುವುದು, ಚೊಗರಿನಲ್ಲಿ ಬೇಯಿಸುವುದು, ಕಣದಲ್ಲಿ ಒಣಗಿಸುವುದು ಇವೆಲ್ಲ ಅಡಿಕೆ ಬೆಳೆಯುವ ಊರುಗಳ ಮಕ್ಕಳ ಕಣ್ಣೆದುರಿನ ಕೆಲಸ. ಇವನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೊರಟರೆ ‘ದ ನಟ್ಸ್ ಆರ್ ಪೀಲ್ಡ್’, ‘ದೇ ಆರ್ ಬಾಯ್ಲ್ಡ್’, ‘ದೇ ಆರ್ ಡ್ರೈಡ್ ಇನ್ ದ ಸನ್’ ಎಂಬ ಕರ್ಮಣಿ ಪ್ರಯೋಗದ ವಾಕ್ಯಗಳೇ ಬೇಕಾಗುತ್ತವೆ. ಪರೀಕ್ಷೆಗೆಂದು ಕರ್ತರಿ, ಕರ್ಮಣಿಗಳನ್ನು ಅದಲುಬದಲು ಮಾಡಿ ಬೇಸತ್ತ ಮಕ್ಕಳು, ಅದರ ಉಪಯೋಗವನ್ನು ಇಲ್ಲಿ ತಾವೇ ಕಾಣುತ್ತಾರೆ. ಹೀಗೆ ಯೋಜನೆ ಪಠ್ಯಕ್ಕೆ ಹೊರೆಯಾಗದೆ ವ್ಯಾಕರಣ ಪಾಠದ ಕೆಲಸವನ್ನೂ ಮಾಡಿಕೊಡುತ್ತದೆ.

ತುಮಕೂರು ನಗರ ಮತ್ತು ಅದರ ಸುತ್ತಮುತ್ತ ಅಮಾನಿಕೆರೆ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಶಿವರಾತ್ರಿಯ ಹೊತ್ತಿಗೆ ನಡೆಯುವ ಸಿದ್ಧಗಂಗೆಯ ಜಾತ್ರೆ ಮತ್ತು ದನಗಳ ಪರಿಷೆ, ಕೈದಾಳದ ಚೆನ್ನಕೇಶವ ದೇವಾಲಯ, ಮುಚ್ಚಿಹೋದ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯಲ್ಲಿ ದುಡಿದವರ ನೆನಪುಗಳು ಇವೆಲ್ಲ ಯೋಜನೆಗೆ ಒದಗುವ ವಿಷಯಗಳು. ತಾಲ್ಲೂಕಿನ ನಾಗವಲ್ಲಿಯ ಸುತ್ತಮುತ್ತ ಕಂಡುಬರುವ ಕಾಡುಪಾಪ ಎಂಬ ನಿಶಾಚರ ಪ್ರಾಣಿಯ ಬಗ್ಗೆ ಅಲ್ಲಿನ ಶಾಲಾ ಮಕ್ಕಳು ಶಿಕ್ಷಕರ ಜೊತೆಗೂಡಿ ಅಧ್ಯಯನ ನಡೆಸಿದ್ದೂ ಉಂಟು. ನಗರಕ್ಕೆ ಇನ್ನೊಂದು ದೊಡ್ಡ ಅನುಕೂಲವೆಂದರೆ ಕೇಳುಗರು. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೊರರಾಜ್ಯಗಳಿಂದ ಬಂದು ಓದುವ, ಕನ್ನಡ ಬಾರದ ವಿದ್ಯಾರ್ಥಿಗಳಿದ್ದಾರೆ. ಅಂಥ ಹತ್ತು ಮಂದಿಯನ್ನು ಶಾಲೆಗೆ ಕರೆಸಿದರೆ, ಸಿದ್ಧಗಂಗೆಯ ದಾಸೋಹ ಹೇಗೆ ನಡೆಯುತ್ತದೆಂದು ಅವರಿಗೆ ತಿಳಿಸಲು ಮಕ್ಕಳಿಗೆ ಇಂಗ್ಲಿಷ್ ನಿಜಕ್ಕೂ ಬೇಕಾಗುತ್ತದೆ.

ಗುಬ್ಬಿ, ಕುಣಿಗಲ್ಲಿನ ಹಳ್ಳಿ ಶಾಲೆಗಳಿಗೆ ಅಂಥ ಅತಿಥಿಗಳು ಸಿಗದಿದ್ದರೂ ದಾರಿಗಳಿವೆ. ತಮಿಳುನಾಡಿನದೋ ಕೇರಳದ್ದೋ ಒಂದು ಸರ್ಕಾರಿ ಶಾಲೆಯೊಂದಿಗೆ ಒಪ್ಪಂದ ಮಾಡಿಕೊಂಡು, ಫೋನಿನ ವೀಡಿಯೊ ಕರೆಯ ಮೂಲಕ ತಿಂಗಳಿಗೊಮ್ಮೆ ಮಕ್ಕಳು ಪರಸ್ಪರ ಮಾತಾಡಬಹುದು. ಎರಡೂ ಕಡೆಯ ಮಕ್ಕಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ಆದ್ದರಿಂದ ನಗುವ ಭಯವಿರದು. ಇಬ್ಬರಿಗೂ ಗೊತ್ತಿರುವ ಬೇರೆ ಭಾಷೆಯಿಲ್ಲದ್ದರಿಂದ ಇಂಗ್ಲಿಷಿಗೆ ಜಾರದೆ ವಿಧಿಯಿಲ್ಲ. ಧ್ವನಿಮುದ್ರಣವೂ ಉಪಯುಕ್ತ. ಐದು ನಿಮಿಷದ ಒಂದು ಕಾರ್ಯಕ್ರಮವನ್ನು ಫೋನಿನಲ್ಲಿ ಮುದ್ರಿಸುವ ಮಗು ತನ್ನ ದನಿಯನ್ನು ತಾನೇ ಕೇಳಿ, ಸರಿಯಿಲ್ಲವೆಂದು ಅಳಿಸಿ, ಮತ್ತೆ ಮತ್ತೆ ಹೇಳುತ್ತದೆ. ಯಾವ ಶಿಕ್ಷಕರೂ ಮಾಡಿಸಲಾರದಷ್ಟು ಅಭ್ಯಾಸ ಅಲ್ಲಿ ತಾನಾಗಿ ನಡೆಯುತ್ತದೆ. ತುಮಕೂರಿನ ರೇಡಿಯೊ ಸಿದ್ಧಾರ್ಥದಂಥ ಸಮುದಾಯ ಬಾನುಲಿ ಕೇಂದ್ರಗಳು ಇಂಥ ಮುದ್ರಿಕೆಗಳಿಗೆ ಸಹಜವಾದ ವೇದಿಕೆಯಾಗಬಲ್ಲವು.

ಯೋಜನೆಯಲ್ಲಿ ಕನ್ನಡದ ಸ್ಥಾನವೇನು ಎಂಬುದು ಮುಖ್ಯ ಪ್ರಶ್ನೆ. ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಆಡಿದರೆ ದಂಡ ಎಂಬ ನಿಯಮ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದಿಲ್ಲ, ಮೌನ ಕಲಿಸುತ್ತದೆ. ವಿಚಾರ ಮಾಡುವುದು, ಮಾಹಿತಿ ಕೂಡಿಸುವುದು, ತಂಡದಲ್ಲಿ ಚರ್ಚಿಸುವುದು ಕನ್ನಡದಲ್ಲೇ ಆಗಲಿ. ಹೊರಗಿನವರ ಮುಂದೆ ಇಡುವ ಹಂತ ಇಂಗ್ಲಿಷಿನದಾಗಲಿ. ಕನ್ನಡದಲ್ಲಿ ಚೆನ್ನಾಗಿ ಅರಿತದ್ದನ್ನು ಮಾತ್ರ ಮಗು ಇಂಗ್ಲಿಷಿನಲ್ಲಿ ಧೈರ್ಯವಾಗಿ ಹೇಳಬಲ್ಲದು.

ತಪ್ಪುಗಳ ವಿಷಯದಲ್ಲೂ ಒಂದು ನಿಯಮ ಬೇಕು. ಮಗು ಮಾತಾಡುತ್ತಿರುವಾಗ ತಡೆಯಬಾರದು. ‘ದೇರ್ ಈಸ್ ಮೆನಿ ಬರ್ಡ್ಸ್’ ಎಂದರೂ ಅರ್ಥವಾಗುತ್ತದೆ. ಶಿಕ್ಷಕರು ಗುರುತು ಹಾಕಿಕೊಂಡು, ಹಲವರಲ್ಲಿ ಕಂಡ ತಪ್ಪುಗಳನ್ನು ಮರುದಿನ ಯಾರ ಹೆಸರನ್ನೂ ಹೇಳದೆ ಕಪ್ಪುಹಲಗೆಯ ಮೇಲೆ ತಿದ್ದಿದರೆ ಕಲಿಕೆಯೂ ಆಗುತ್ತದೆ, ಮಾನವೂ ಉಳಿಯುತ್ತದೆ. ತಂಡದಲ್ಲಿ ಚೂಟಿಯಾದ ಒಬ್ಬರೇ ಎಲ್ಲವನ್ನೂ ಮಾತಾಡಿ ಮುಗಿಸುವುದನ್ನು ತಪ್ಪಿಸಲು, ಪ್ರತಿಯೊಬ್ಬರಿಗೂ ವಿಷಯದ ಒಂದು ಭಾಗ ಮೀಸಲಾಗಿರಬೇಕು. ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಯಲ್ಲಿ ಶಾಲೆಯ ಒಬ್ಬಿಬ್ಬರು ಇಂಗ್ಲಿಷ್ ಭಾಷಣ ಮಾಡಿ ಬಹುಮಾನ ತರುತ್ತಾರೆ. ಯೋಜನೆಯಲ್ಲಿ ಹಿಂದಿನ ಬೆಂಚಿನ ಮಗುವೂ ಮಾತಾಡಬೇಕು.

ಅಂಕಗಳ ವ್ಯವಸ್ಥೆ ಇದಕ್ಕೆ ಅಡ್ಡಿಯಲ್ಲ. ಆಂತರಿಕ ಮೌಲ್ಯಮಾಪನದ ಚಟುವಟಿಕೆಗಳಲ್ಲಿ ಯೋಜನೆಗೆ ಜಾಗವಿದೆ. ಮಾಹಿತಿ ಕಲೆಹಾಕಿದ ಬಗೆ, ಅರ್ಥವಾಗುವಂತೆ ಹೇಳಿದ ಬಗೆ, ಪ್ರಶ್ನೆಗೆ ಉತ್ತರ ಕೊಟ್ಟ ಬಗೆ, ತಂಡದವರಿಗೆ ನೆರವಾದ ಬಗೆ ಈ ನಾಲ್ಕಕ್ಕೆ ಅಂಕ ಹಂಚಿ, ಮೊದಲೇ ಮಕ್ಕಳಿಗೆ ತಿಳಿಸಬೇಕು. ಚಾರ್ಟಿನ ಅಂದಕ್ಕೆ ಅಂಕವಿಲ್ಲವೆಂದು ಸ್ಪಷ್ಟಪಡಿಸಿದರೆ ಸ್ಟೇಷನರಿ ಅಂಗಡಿಯ ಖರ್ಚೂ ಉಳಿಯುತ್ತದೆ.

ಈ ಪದ್ಧತಿಗೆ ಮಿತಿಗಳೂ ಇವೆ. ಹತ್ತನೇ ತರಗತಿಯಲ್ಲಿ ಪರೀಕ್ಷೆಯ ಒತ್ತಡದ ನಡುವೆ ನಾಲ್ಕು ವಾರ ಸಿಗುವುದು ಕಷ್ಟ. ಎಂಟು, ಒಂಬತ್ತನೇ ತರಗತಿಗಳೇ ಸೂಕ್ತ ಕಾಲ. ವರ್ಷಕ್ಕೆ ಎರಡು ಯೋಜನೆ ಚೆನ್ನಾಗಿ ನಡೆದರೆ ಸಾಕು. ಮಕ್ಕಳು ಕೆರೆ, ತೋಟ, ಕಾರ್ಖಾನೆಯ ಕಡೆ ಹೋಗುವಾಗ ಪೋಷಕರ ಒಪ್ಪಿಗೆ, ದೊಡ್ಡವರ ಜೊತೆ ಅಗತ್ಯ. ಹೆಣ್ಣುಮಕ್ಕಳು ಹೊರಗೆ ಹೋಗಲಾಗದ ಕಡೆ ಊರಿನವರನ್ನೇ ಶಾಲೆಗೆ ಕರೆಸಬಹುದು. ಇಂಗ್ಲಿಷ್ ಮಾತಾಡಲು ಶಿಕ್ಷಕರಲ್ಲೇ ಅಳುಕಿರುವುದೂ ಉಂಟು. ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ, ತುಮಕೂರಿನಲ್ಲೇ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇದೆ. ಜೊತೆಗೆ, ಯೋಜನೆಯಲ್ಲಿ ಶಿಕ್ಷಕರು ಎಲ್ಲ ಬಲ್ಲವರಾಗಿರಬೇಕಿಲ್ಲ. ಮಕ್ಕಳ ಜೊತೆ ಪದಕೋಶ ತೆರೆದು ಹುಡುಕುವ ಶಿಕ್ಷಕರನ್ನು ಕಂಡರೆ ಮಕ್ಕಳ ಅಳುಕೂ ಕಡಿಮೆಯಾಗುತ್ತದೆ.

ಇದಕ್ಕೆ ಹೊಸ ಕೊಠಡಿ ಬೇಡ, ದುಬಾರಿ ಉಪಕರಣ ಬೇಡ. ಕೆರೆ ಇದೆ, ತೋಟ ಇದೆ, ಕಥೆ ಬಲ್ಲ ಹಿರಿಯರು ಮನೆಮನೆಯಲ್ಲೂ ಇದ್ದಾರೆ. ತುಮಕೂರು, ಗುಬ್ಬಿ, ಕುಣಿಗಲ್ಲಿನ ಪ್ರತಿಯೊಂದು ಪ್ರೌಢಶಾಲೆಯೂ ಈ ವರ್ಷ ಎಂಟನೇ ಅಥವಾ ಒಂಬತ್ತನೇ ತರಗತಿಯಲ್ಲಿ ಇಂಥ ಒಂದು ಯೋಜನೆಯನ್ನು ನಡೆಸಿ ನೋಡಲಿ. ಪೋಷಕರು ಪ್ರದರ್ಶನದ ದಿನ ಬಂದು ಕೂತು ಕೇಳಲಿ. ಅರ್ಥವಾಗದಿದ್ದರೂ ಒಂದು ಪ್ರಶ್ನೆ ಕೇಳಲಿ. ಕೇಳುವವರಿದ್ದಾರೆ ಎಂದು ಗೊತ್ತಾದರೆ ಮಕ್ಕಳು ಮಾತಾಡುತ್ತಾರೆ.